ಮೂಗಿನ ಚಾಕರಿ

ಆ ದಿನ ಬಿಬಿಜಾನ ಬೆಳಗಿನಿಂದ ನಾಲ್ಕು ಸಲ ಮೂಗು ತೊಳೆದಿದ್ದಳು. ನಮಾಜಿಗೆ ಮುಂಚೆ ತೊಳೆದದ್ದು ಬೇರೆ. ಉಳ್ಳಾಗಡ್ಡಿ ಹೆಚ್ಚಿದ ಮೇಲೊಮ್ಮೆ, ಒಲೆ ಊದಿ ಹೊಗೆ ಕುಡಿದ ಮೇಲೊಮ್ಮೆ, ಮಸಾಲೆ ಅರೆದ ಮೇಲೊಮ್ಮೆ, ಮತ್ತೆ ಕಾರಣವೇ ಇಲ್ಲದೆ ಒಮ್ಮೆ. ತಣ್ಣೀರು ಸೇದಿ ಸೇದಿ ಮೂಗಿನ ತುದಿ ಕೆಂಪಾಗಿ ಹಣೆ ನೋಯತೊಡಗಿತ್ತು. ಐದನೆಯ ಸಲ ಹಿತ್ತಲಿಗೆ ಹೊರಟವಳನ್ನು ಗಂಡ ಫಕ್ರುಸಾಬ ತಡೆದ.

"ಮೂಗ ಏನ್ ತಾಮ್ರದ ಹಂಡೇನು, ತಿಕ್ಕಿ ತಿಕ್ಕಿ ಬೆಳಗಾಕ? ಸುಮ್ನ ಕುಂದರ."

"ನೀವು ಅಂತೀರಿ. ಸಂಜೀಕ ಏನರೆ ಹೆಚ್ಚುಕಮ್ಮಿ ಆದ್ರ?"

ಅವನು ಮಡಚಿಟ್ಟ ಬಿಳಿ ರುಮಾಲನ್ನು ಬಿಚ್ಚಿ, ಮತ್ತೆ ಮೊದಲಿನ ಹಾಗೆಯೇ ಮಡಚಿದ.

ಫಕ್ರುಸಾಬ ಬಾದಾಮಿಯ ಸರಕಾರಿ ಬಂಗಲೆಯ ಖಾನಸಾಮ. ಬಂದಿಳಿಯುವ ಸಾಹೇಬರಿಗೆ ಅಡುಗೆ ಮಾಡಿ ಬಡಿಸುವುದು ಅವನ ಹನ್ನೆರಡು ವರ್ಷದ ಚಾಕರಿ. ಬಂಗಲೆಯ ಹಿಂದಿನ ಎರಡು ಖೋಲಿಯ ಮನೆ ಆ ಚಾಕರಿಯ ಜೊತೆ ಬಂದದ್ದು. ಚಾಕರಿ ಹೋದರೆ ಮನೆಯೂ ಹೋಗುತ್ತದೆ. ಆಮೇಲೆ ಇಳಕಲ್ಲಿನ ಮೈದುನ ಮಲೀಕಸಾಬನ ಮಗ್ಗದ ಮನೆಯ ಮೂಲೆಯೇ ಗತಿ. ಮೈದುನನ ಹೆಂಡತಿ ಶಮಶಾದಬಿ ಬಾಯಿಬಿಟ್ಟು ಏನೂ ಅನ್ನುವವಳಲ್ಲ. ತಾಟನ್ನು ಸ್ವಲ್ಪ ಸಪ್ಪಳ ಮಾಡಿ ಮುಂದಿಡುವವಳು. ಬಿಬಿಜಾನಳಿಗೆ ಬೈಗುಳಕ್ಕಿಂತ ಆ ಸಪ್ಪಳದ ಹೆದರಿಕೆ ಹೆಚ್ಚು.

ಈ ಬಂಗಲೆಯಲ್ಲಿ ವರ್ಷಕ್ಕೊಮ್ಮೆ, ಶಿವರಾತ್ರಿ ಮುಗಿದ ಮೊದಲ ಶನಿವಾರ, ನಾಲ್ವರು ಗೆಳೆಯರು ಊಟಕ್ಕೆ ಕೂಡುತ್ತಿದ್ದರು. ಒಬ್ಬ ಪಾರ್ಸಿ ಎಂಜಿನಿಯರ್ ದಸ್ತೂರ ಸಾಹೇಬ. ಇನ್ನೊಬ್ಬ ಬೆಳಗಾವಿಯ ಡಿಸೋಜಾ ಡಾಕ್ಟರ್. ಮೂರನೆಯವನು ಪಟ್ಟದಕಲ್ಲಿನ ಗುಡಿಗಳ ನಕ್ಷೆ ಬರೆಯುತ್ತಿದ್ದ ಬ್ರೂಕ್ ಸಾಹೇಬ. ಈ ಮೂವರೂ ಒಂದೊಂದು ಒಳ್ಳೆಯ ವಿಲಾಯತಿ ದ್ರಾಕ್ಷಿ ಶರಾಬಿನ ಬಾಟಲಿ ತರಬೇಕು. ನಾಲ್ಕನೆಯವನು ಬಾಗಲಕೋಟೆಯ ವಕೀಲ ಶಂಕ್ರಪ್ಪ. ಅವನು ಲಿಂಗವಂತ, ಕುಡಿಯುವವನಲ್ಲ, ಮಾಂಸ ಮುಟ್ಟುವವನಲ್ಲ, ಬಂಗಲೆಯ ಒಲೆಯ ಮೇಲೆ ಬೆಂದದ್ದನ್ನು ಉಣ್ಣುವವನೂ ಅಲ್ಲ. ಮನೆಯಿಂದ ಬುತ್ತಿ ಕಟ್ಟಿಸಿಕೊಂಡು ಬರುತ್ತಿದ್ದ. ಅವನ ತಾಯಿ ಗುರುಲಿಂಗವ್ವ ಕಟ್ಟಿದ ಬುತ್ತಿ ನಾಲ್ಕು ಜನ ಉಂಡರೂ ಉಳಿಯುತ್ತಿತ್ತು. ಉಳಿದವರು ಗ್ಲಾಸು ಎತ್ತಿದಾಗ ಅವನು ಬೆಳ್ಳಿ ಲೋಟದ ಮಜ್ಜಿಗೆ ಎತ್ತುತ್ತಿದ್ದ.

ಆ ಊಟದಲ್ಲಿ ಫಕ್ರುಸಾಬನಿಗೂ ಒಂದು ಜಾಗವಿತ್ತು. ಅವನು ಜೀವಮಾನದಲ್ಲಿ ಶರಾಬಿನ ಹನಿಯನ್ನೂ ನಾಲಿಗೆಗೆ ತಾಗಿಸಿದವನಲ್ಲ. ಆದರೆ ಬೂಚು ಕಿತ್ತು ಮೂಗಿಗೆ ಹಿಡಿದರೆ ಸಾಕು, ಒಳಗಿನದು ನೆಟ್ಟಗಿದೆಯೋ ಕೆಟ್ಟಿದೆಯೋ ಹೇಳಿಬಿಡುತ್ತಿದ್ದ. ಕೆಟ್ಟದ್ದಕ್ಕೆ ಒಂದೇ ವಾಸನೆ, ಅವನ ಮಾತಿನಲ್ಲಿ ಹಸಿ ಗೋಣಿಚೀಲ. ಒಂದು ವರ್ಷ ಅವನು ಬೇಡ ಅಂದದ್ದನ್ನು ಮೂವರೂ ಹಟಕ್ಕೆ ಕುಡಿದು, ಮುಖ ಕಿವುಚಿ, ಅಂದಿನಿಂದ ಕಾಯಿದೆ ಮಾಡಿಕೊಂಡಿದ್ದರು: ಫಕ್ರುವಿನ ಮೂಗು ಒಲ್ಲೆ ಅಂದದ್ದನ್ನು ಯಾರೂ ಗ್ಲಾಸಿಗೆ ಹಾಕಬಾರದು. ಊಟದ ಮರುದಿನ ದಸ್ತೂರ ಸಾಹೇಬ ಬರೆದುಕೊಡುತ್ತಿದ್ದ ಶಿಫಾರಸಿನ ಚೀಟಿಯೇ ಫಕ್ರುಸಾಬನ ಚಾಕರಿಗೆ ಆಧಾರ. ಬಂಗಲೆಯ ಉಸ್ತುವಾರಿಯ ಓವರ್‌ಸಿಯರ್ ತನ್ನ ಕಡೆಯವನೊಬ್ಬನನ್ನು ಆ ಜಾಗಕ್ಕೆ ತರಲು ಎರಡು ವರ್ಷದಿಂದ ಕಾಯುತ್ತಿದ್ದ.

ಒಂದೂವರೆ ವರ್ಷದ ಹಿಂದೆ, ಮಹಾಯುದ್ಧ ಮುಗಿಯುವ ಹೊತ್ತಿಗೆ, ಊರೂರಿಗೆ ಆ ದೊಡ್ಡ ಜ್ವರ ಬಂತು. ಬಾದಾಮಿಯಲ್ಲಿ ಗೋರಿ ತೋಡುವವರು ಸಿಗಲಿಲ್ಲ, ಸುಡಲು ಕಟ್ಟಿಗೆ ಸಿಗಲಿಲ್ಲ. ಫಕ್ರುಸಾಬ ಹತ್ತು ದಿನ ಮಲಗಿ ಎದ್ದ. ಎದ್ದವನ ಮೂಗು ಸತ್ತುಹೋಗಿತ್ತು. ಹಾಲು ಒಲೆಯ ಮೇಲೆ ಸೀದರೂ ಗೊತ್ತಾಗದು. ಮಲ್ಲಿಗೆಯನ್ನೂ ಬೆಳ್ಳುಳ್ಳಿಯನ್ನೂ ಕಣ್ಣಿನಿಂದಲೇ ಗುರುತಿಸಬೇಕು. ಇದು ಗೊತ್ತಿದ್ದದ್ದು ಬಿಬಿಜಾನ ಒಬ್ಬಳಿಗೆ. ಹಳಸಿದ್ದು ಯಾವುದು, ತಳ ಹತ್ತಿದ್ದು ಯಾವುದು ಎಂದು ಬಾಗಿಲ ಮರೆಯಲ್ಲಿ ನಿಂತು ಅವಳು ಹೇಳುತ್ತ ಬಂದಿದ್ದಳು. ಆದರೂ ಹೋದ ತಿಂಗಳು ಸೀದ ಹಾಲಿನ ಚಹ ಮಾಮಲೇದಾರರ ಮುಂದೆ ಹೋಗಿ, ಓವರ್‌ಸಿಯರನ ಪುಸ್ತಕದಲ್ಲಿ ಒಂದು ದೂರು ಬಿದ್ದಿತ್ತು.

ಅದೇ ಜ್ವರದಲ್ಲಿ ಬ್ರೂಕ್ ಸಾಹೇಬ ಇದೇ ಬಂಗಲೆಯಲ್ಲಿ ತೀರಿಕೊಂಡ. ಡಿಸೋಜಾ ಡಾಕ್ಟರ್ ಬೆಳಗಾವಿಯ ದವಾಖಾನೆಯಲ್ಲಿ ಹೆಣಗಳ ನಡುವೆ ಸಿಕ್ಕಿಬಿದ್ದಿದ್ದ. ದಸ್ತೂರ ಸಾಹೇಬ ಮುಂಬಯಿಯಲ್ಲಿದ್ದ. ಗಂಡನಿಗೊಂದು ಸಾಹೇಬನಿಗೊಂದು ಎಂದು ಎರಡು ಬಟ್ಟಲು ಗಂಜಿ ಹಿಡಿದು ಆ ಖೋಲಿಯಿಂದ ಈ ಖೋಲಿಗೆ ತಿರುಗಿದವಳು ಬಿಬಿಜಾನ. ಸಾಯುವ ಹಿಂದಿನ ದಿನ ಅವನು ಪೆಟ್ಟಿಗೆಯಿಂದ ಒಂದು ಬಾಟಲಿ ತೆಗೆಸಿ ಅವಳ ಕೈಗೆ ಕೊಟ್ಟ. "ಅವರಿಗೆ ಕೊಡು. ಮೂರು ಮಂದಿ. ಬೇರೆ ಯಾರಿಗೂ ಬೇಡ," ಎಂದ. ಅವಳು ಹೂಂ ಅಂದಳು. ನಂಬಿ ಕೊಟ್ಟದ್ದು ಅಮಾನತ; ಕೊಟ್ಟವನು ಯಾವ ಧರ್ಮದವನಾದರೇನು, ಮುಟ್ಟಿಸದಿದ್ದರೆ ಕಯಾಮತಿನ ದಿನ ಉತ್ತರ ಕೊಡಬೇಕು ಎಂದು ಅವಳಪ್ಪ ಕಲಿಸಿದ್ದ. ಆದರೆ ಅಮಾನತವಾಗಿ ಬಂದದ್ದು ಶರಾಬು. ನಮಾಜು ಮಾಡುವ ಮನೆಯಲ್ಲಿ ಅದನ್ನು ಎಲ್ಲಿ ಇಡುವುದು? ನೀರಿನ ಗಡಿಗೆ ಇಡುವ ಕಟ್ಟೆಯ ಬುಡದಲ್ಲಿ, ತಂಪು ಮರಳಿನೊಳಗೆ ಹುಗಿದಿಟ್ಟಳು. ಒಂದೂವರೆ ವರ್ಷ ನೀರು ತುಂಬುವಾಗೆಲ್ಲ ಆ ಕಡೆ ಕಣ್ಣು ಹೋಗುತ್ತಿತ್ತು. ನೆರೆಯವರು ಬಂದರೆ ಕಟ್ಟೆಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು.

ಜ್ವರದ ಮರುವರ್ಷ ಗೆಳೆಯರು ಕೂಡಲಿಲ್ಲ. ಈ ವರ್ಷ ಮೂವರೇ ಕೂಡುತ್ತೇವೆ ಎಂದು ದಸ್ತೂರ ಸಾಹೇಬನ ಕಾಗದ ಬಂದಿತ್ತು.

ಗಂಡ ಹೆಂಡತಿ ಮಾಡಿಕೊಂಡ ಉಪಾಯ ಇಷ್ಟೆ. ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಒಂದು ಸಣ್ಣ ಖೋಲಿ, ಅದಕ್ಕೆ ಬಿದಿರಿನ ಪರದೆ. ಫಕ್ರುಸಾಬ ಅಲ್ಲಿ ಬೂಚು ಕೀಳಬೇಕು, ಬಿಬಿಜಾನ ಮೂಸಿ ಹೇಳಬೇಕು, ಅವನು ಬೂಚನ್ನು ಚಹದ ಬಸಿಯಲ್ಲಿಟ್ಟುಕೊಂಡು ಹೊರಗೆ ಹೋಗಿ ಎಲ್ಲರ ಮುಂದೆ ತಾನೇ ಮೂಸಿದಂತೆ ಮಾಡಿ ಅದನ್ನೇ ಹೇಳಬೇಕು. ಶರಾಬನ್ನು ಮೂಸುವುದು ಪಾಪವೋ ಅಲ್ಲವೋ ಅವಳಿಗೆ ತಿಳಿಯದು. ಮೌಲವಿಯವರನ್ನು ಕೇಳೋಣವೆಂದರೆ, ಯಾಕೆ ಕೇಳುತ್ತೀ ಎಂದು ಅವರೂ ಕೇಳುತ್ತಾರೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಯಿತು ಅನ್ನುತ್ತಾರಲ್ಲ, ಆ ವರ್ಷ ಅದು ಎಂಟು ದಿನ ಮೊದಲೇ ಹೋಗಿತ್ತು. ಬಾದಾಮಿಯ ಕೆಂಪು ಬಂಡೆಗಳು ಹೊತ್ತಿಳಿದರೂ ಕಾವು ಉಗುಳುತ್ತಿದ್ದವು. ಹಾಗೆಯೇ ಇಟ್ಟರೆ ಶರಾಬು ಬಿಸಿ ಕಷಾಯವಾಗುತ್ತದೆಂದು ಬಾಟಲಿಗಳಿಗೆ ಒದ್ದೆ ಗೋಣಿ ಸುತ್ತಿ, ಗಾಳಿ ಬರುವ ಕಿಟಕಿಯಲ್ಲಿ ಸಾಲಾಗಿ ನಿಲ್ಲಿಸುವುದು ಫಕ್ರುಸಾಬನ ರೂಢಿ. ಬ್ರೂಕ್ ಸಾಹೇಬನ ಬಾಟಲಿಯನ್ನೂ ಮರಳಿನಿಂದ ತೆಗೆದು ಹಾಗೆಯೇ ನಿಲ್ಲಿಸಿದ್ದ.

ಸಂಜೆ ಐದರ ಹೊತ್ತಿಗೆ ಮೂವರೂ ಒಂದೇ ಟಾಂಗಾದಲ್ಲಿ ಸ್ಟೇಷನ್ನಿನಿಂದ ಬಂದರು. ಶಂಕ್ರಪ್ಪ ಬುತ್ತಿಯ ಗಂಟನ್ನು ಎದೆಗೆ ಅವಚಿಕೊಂಡೇ ಇಳಿದ.

"ಲೇ ಶಂಕ್ರ್ಯಾ, ಅದನ್ನ ಯಾರೂ ಕದಿಯೂದಿಲ್ಲೋ, ಇಡೋ ಕೆಳಗ," ಎಂದ ದಸ್ತೂರ ಸಾಹೇಬ. ಹದಿನೈದು ವರ್ಷ ಈ ಕಡೆಯ ಕೆರೆ ಕಟ್ಟೆ ನೋಡಿಕೊಂಡವನ ಕನ್ನಡದಲ್ಲಿ ಮರಾಠಿಯ ರಾಗವಿತ್ತು.

"ನಿನ್ನ ಮ್ಯಾಲೇ ನನಗ ಸಂಶೇ. ಹೋದ ಸಲ ಎಣ್ಣಿಗಾಯಿ ಒಂದರೆ ಉಳಿಸಿದ್ದೇನ ನೀ? ನಮ್ಮವ್ವ ಈ ಸಲ ಎಣಿಸಿ ಕೊಟ್ಟಾಳ."

"ಎಣಿಸಿದ್ದ ಬದನಿಕಾಯಿಗೆ ರುಚಿ ಇರೂದಿಲ್ಲ," ಎಂದ ಡಾಕ್ಟರ್. ನಗಲು ಬಾಯಿ ತೆರೆದವನು ಮೂಲೆಯ ಖೋಲಿಯ ಬಾಗಿಲ ಕಡೆ ನೋಡಿ ತಲೆಯ ಟೋಪಿ ತೆಗೆದ. ಬ್ರೂಕ್ ತೀರಿಕೊಂಡದ್ದು ಆ ಖೋಲಿಯಲ್ಲಿ.

ಮುಖ ತೊಳೆದು ಬಂದ ಮೇಲೆ ಫಕ್ರುಸಾಬ ದಸ್ತೂರ ಸಾಹೇಬನ ಮುಂದೆ ಬಗ್ಗಿ ನಿಂತು, ಬ್ರೂಕ್ ಸಾಹೇಬರು ಒಂದು ಬಾಟಲಿ ಬಿಟ್ಟುಹೋಗಿದ್ದಾರೆ, ಮನೆಯವಳು ಕಾಯ್ದಿಟ್ಟಿದ್ದಾಳೆ ಎಂದು ಹೇಳಿದ. ಪರದೆಯ ಸಂದಿಯಿಂದ ಬಿಬಿಜಾನ ನೋಡುತ್ತಿದ್ದಳು. ದಸ್ತೂರ ಸಾಹೇಬ ಕೂತಲ್ಲಿಂದ ಎದ್ದ; ಮತ್ತೆ ಕೂತ.

"ನಮಗಂತ?"

"ಹೌದ್ರಿ. ಮೂರೂ ಮಂದೀಗೆ ಅಂತ ಹೇಳಿದ್ರಂತ್ರಿ."

"ಅದನ್ನ ಕಡೀಕ ತಗಿ," ಎಂದ ಸಾಹೇಬ. ಆಮೇಲೆ ಬಹಳ ಹೊತ್ತು ಕನ್ನಡಕ ಒರೆಸಿಕೊಂಡ.

ಹೊತ್ತು ಮುಳುಗುವ ಮುಂಚೆಯೇ ಊಟ ಸುರುವಾಯಿತು. ಮೊದಲು ದಸ್ತೂರ ಸಾಹೇಬ ತಂದ ಬಿಳಿ ಶರಾಬು. ಫಕ್ರುಸಾಬ ಗೋಣಿ ಬಿಚ್ಚಿ, ಬಾಟಲಿ ಒರೆಸಿ, ತಿರುಪು ಹಾಕಿ ಬೂಚು ಎಳೆದು, ಅದಕ್ಕೆ ಕೈ ತಾಗಿಸದೆ ತಿರುಪಿನ ತುದಿಯಲ್ಲೇ ಹೆಂಡತಿಯ ಮೂಗಿಗೆ ಹಿಡಿದ. ಬಿಬಿಜಾನ ಕಣ್ಣು ಮುಚ್ಚಿದಳು. ಎದೆ ಹೊಡೆದುಕೊಳ್ಳುವ ಸದ್ದಿನಲ್ಲಿ ವಾಸನೆ ಎಲ್ಲಿ ತಿಳಿಯಬೇಕು? ಎರಡನೆಯ ಸಲ ಎಳೆದುಕೊಂಡಳು.

"ಚಲೋ ಐತಿ," ಎಂದು ಪಿಸುಗುಟ್ಟಿದಳು. "ಪ್ಯಾರಲಹಣ್ಣ ಕೊಯ್ದಂಗ. ಬಿಸಲಾಗಿನ ಬಂಡಿಗಲ್ಲ ಮ್ಯಾಲೆ ಮೊದಲ ಹನಿ ಬಿದ್ದಂಗ."

ಫಕ್ರುಸಾಬ ಹೊರಗೆ ಹೋಗಿ, ಬೂಚನ್ನು ಮೂಗಿಗೆ ತಂದು, ಗತ್ತಿನಿಂದ ಉಸಿರೆಳೆದು ಅದನ್ನೇ ಒಪ್ಪಿಸಿದ.

"ಅರೇ, ಈ ವರ್ಷ ಫಕ್ರುನ ಮೂಗು ಕವಿತಾ ಬರಿಯಾಕ ಹತ್ತೇತಲ್ಲೋ!" ಎಂದ ಡಾಕ್ಟರ್. "ಮೊದಲ ಬರೇ ಚಲೋ ಐತ್ರಿ, ಇಲ್ಲಾ ಚಲೋ ಇಲ್ರಿ. ಎರಡ ಮಾತು."

"ವಯಸ್ಸಾತಲ್ರಿ ಸಾಹೇಬ್ರ," ಎಂದ ಫಕ್ರುಸಾಬ. ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ಪರದೆಯ ಈಚೆಗೆ ಕಾಣುತ್ತಿತ್ತು.

ಬಿಳಿ ಶರಾಬಿನ ಜೊತೆ ಮೀನು ಹೋಯಿತು. ಮಲಪ್ರಭೆಯ ಮೀನಿಗೆ ಬಿಬಿಜಾನ ಹುಣಸೆ, ಬೆಳ್ಳುಳ್ಳಿ ಹಚ್ಚಿ ಹುರಿದಿದ್ದಳು. ಆಮೇಲೆ ಕೋಳಿ ಪಲಾವು. ಅದರ ಜೊತೆಗೇ ಡಾಕ್ಟರ್ ತನ್ನ ಗೋವೆಯ ಕೆಂಪು ಶರಾಬನ್ನು ಕರೆಸಿದ. ಅದನ್ನೂ ಫಕ್ರುಸಾಬನೇ ಬಿಚ್ಚಿ, ಒರೆಸಿ, ಹಾಗೆಯೇ ತಿರುಪಿನ ತುದಿಯಲ್ಲಿ ಬೂಚು ಹಿಡಿದ. "ಖರ್ಜೂರ. ಕುದಿಯೂ ಬೆಲ್ಲ. ಹಿಂದ ಒಂಚೂರು ಲವಂಗ," ಎಂದಳು ಬಿಬಿಜಾನ. ಅವನು ಅದನ್ನು ಒಪ್ಪಿಸಿದಾಗ ಹೊರಗೆ ಚಪ್ಪಾಳೆ. ಶಂಕ್ರಪ್ಪ ಬುತ್ತಿ ಬಿಚ್ಚಿ ತನ್ನ ಕೈಯಾರೆ ಎಲ್ಲರಿಗೂ ಸಜ್ಜಿರೊಟ್ಟಿ, ಎಣ್ಣಿಗಾಯಿ, ಗುರೆಳ್ಳು ಚಟ್ನಿ ಹಾಕಿದ. ಎಣ್ಣಿಗಾಯಿಯ ಮೇಲೆ ಗೋವೆಯ ಶರಾಬು ಕುಡಿದ ಡಾಕ್ಟರ್ ಕಣ್ಣಲ್ಲಿ ನೀರು ತಂದುಕೊಂಡು, "ಗುರುಲಿಂಗವ್ವನ್ನ ಪ್ಯಾರಿಸ್ಸಿಗೆ ಕಳಸ್ರೋ," ಎಂದ.

"ಆಕಿ ಹೋಗ್ತಾಳ. ಲಿಂಗಪೂಜಿಗೆ ನಮ್ಮ ಬಾವಿ ನೀರ ಬೇಕಂತಾಳ. ಬಾವಿ ಹೊರಸ್ತೀಯೇನ ಎಂಜಿನೀಯರಾ?" ಎಂದು ಶಂಕ್ರಪ್ಪ ಮಜ್ಜಿಗೆ ಎತ್ತಿದ.

ನಗು ಜೋರಾಯಿತು. ಆದರೆ ಶಂಕ್ರಪ್ಪನ ಕಣ್ಣು ನಗುವಾಗಲೂ ಒಂದೆರಡು ಸಲ ಪರದೆಯ ಕೆಳಗೆ ಸುಳಿದುಹೋದದ್ದನ್ನು ಬಿಬಿಜಾನ ಕಂಡಳು. ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಅವಳು ಪಾದ ಹಿಂದಕ್ಕೆ ತೆಗೆದಳು. ವಕೀಲನ ಕಣ್ಣು. ಕಂಡಿತೋ, ಕಂಡೂ ಕಾಣದಂತೆ ಮಾಡಿತೋ, ಅಥವಾ ಏನೂ ಕಾಣದೆ ಸುಮ್ಮನೆ ಸುಳಿಯಿತೋ?

ದೀಪ ಹಚ್ಚುವ ಹೊತ್ತಾಯಿತು. "ಬ್ರೂಕ್‌ನ ಬಾಟ್ಲಿ ತಾ," ಎಂದ ದಸ್ತೂರ ಸಾಹೇಬ.

ಇದನ್ನು ಬಿಚ್ಚಲು ಬಿಬಿಜಾನ ಗಂಡನಿಗೆ ಬಿಡಲಿಲ್ಲ. ಒಂದೂವರೆ ವರ್ಷ ಕಾಯ್ದವಳು ತಾನು. ಕಿಟಕಿಯಿಂದ ಬಾಟಲಿ ಇಳಿಸಿ, ಸುತ್ತಿದ್ದ ಒದ್ದೆ ಗೋಣಿಯನ್ನು ಎರಡೂ ಕೈಯಿಂದ ಸುರುಳಿ ಸುರುಳಿಯಾಗಿ ಬಿಡಿಸಿದಳು. ಫಕ್ರುಸಾಬ ತಿರುಪು ಹಾಕಿದ. ಇಪ್ಪತ್ತು ವರ್ಷದ ಹಳೆಯ ಬೂಚು. ಅರ್ಧಕ್ಕೆ ಬಂದು ಸ್ವಲ್ಪ ಪುಡಿಯಾಗಿ ಕಡೆಗೆ ಇಡಿಯಾಗಿ ಬಂತು. ಅದನ್ನು ತಿರುಪಿನಿಂದ ಬಿಡಿಸಿಕೊಂಡು ಅವಳೇ ಬೆರಳಲ್ಲಿ ಹಿಡಿದು ಮೂಗಿಗೆ ಒತ್ತಿಕೊಂಡಳು.

ಹಸಿ ಗೋಣಿಚೀಲ.

ಅವಳು ಇನ್ನೊಮ್ಮೆ ಮೂಸಿದಳು. ಅದೇ. ಮಳೆಯಲ್ಲಿ ನೆನೆದು ಮೂಲೆಯಲ್ಲಿ ಬಿದ್ದ ಚೀಲ. ಅದರ ಹಿಂದೆ ಬೇರೆ ಏನೋ ಇತ್ತು, ಹಿಡಿಯಲು ಹೋದರೆ ಗೋಣಿ ಅಡ್ಡ ಬರುತ್ತಿತ್ತು.

"ಏನಾತು?" ಎಂದ ಗಂಡ.

"ಕೆಟ್ಟೈತಿ," ಎಂದಳು. "ನಾನ ಕೆಡಿಸಿದೆ. ಮರಳಾಗ ಇಟ್ಟ ಕೆಡಿಸಿದೆ."

ಫಕ್ರುಸಾಬ ಅವಳ ಮುಖ ನೋಡಿದ. ಬೂಚನ್ನು ಬಸಿಯಲ್ಲಿಟ್ಟುಕೊಂಡು ಹೊರಗೆ ನಡೆದ. ಈ ಸಲ ಗತ್ತು ಇರಲಿಲ್ಲ. ಬೂಚನ್ನು ಮೂಗಿನ ಹತ್ತಿರ ತಂದು ಇಳಿಸಿದ.

"ಸಾಹೇಬ್ರ, ಮಾಫ್ ಮಾಡ್ರಿ. ಹಸಿ ಗೋಣಿಚೀಲ."

ಡಾಕ್ಟರ್ ಗ್ಲಾಸನ್ನು ಮುಂದೆ ಸರಿಸಿದ. "ಇರ್ಲಿ, ಹಾಕು. ಒಂದ ಗುಟುಕು ಕುಡೀತೇನಿ. ಅವಂದಲ್ಲೇನು?"

"ಬ್ಯಾಡ," ಎಂದ ದಸ್ತೂರ ಸಾಹೇಬ.

"ದಸ್ತೂರ, ನಾ ಅವನ ಹತ್ರ ಬರಾಕ ಆಗಲಿಲ್ಲ. ಒಂದ ಗುಟುಕು."

"ಅದಕ್ಕ ಬ್ಯಾಡ ಅನ್ನೂದು. ಅವನ ನೆನಪಾದಾಗೆಲ್ಲ ಬಾಯಾಗ ಹಳಸಿದ್ದ ರುಚಿ ಬರೂದು ನನಗ ಬ್ಯಾಡ, ನಿನಗೂ ಬ್ಯಾಡ. ಆ ಕಾಯಿದೆ ಮಾಡಿದಾವ ಬ್ರೂಕನೇ. ಫಕ್ರು, ಹಿತ್ತಲದಾಗ ಗಿಡದ ಬುಡಕ್ಕ ಹಾಕಿ ಬಾ. ಒಂದ ಹನಿ ಉಳೀಬಾರದು."

ಡಾಕ್ಟರ್ ಗ್ಲಾಸನ್ನು ಬೋರಲು ಹಾಕಿ ಮುಖ ತಿರುಗಿಸಿದ.

ಒಳಗೆ ಬಿಬಿಜಾನ ಅಳುತ್ತಿದ್ದಳು. ಸಪ್ಪಳ ಬರಬಾರದೆಂದು ಸೆರಗು ಕಚ್ಚಿದ್ದಳು. ಅಳುವಾಗ ಮೂಗು ಸುರಿಯಿತು. ಅಂಗೈಯ ಹಿಂಬದಿಯಿಂದ ಒರೆಸಿಕೊಂಡಳು. ಹಸಿ ಗೋಣಿ ನಾರಿತು. ಬಾಟಲಿ ಮಾರುದೂರದಲ್ಲಿತ್ತು, ಬೂಚು ಹೊರಗೆ ಬಸಿಯಲ್ಲಿತ್ತು. ಅಳು ಅರ್ಧಕ್ಕೆ ನಿಂತಿತು. ಬೆರಳುಗಳನ್ನು ಮೂಗಿಗೆ ತಂದಳು. ಅಂಗೈ ಮೂಸಿದಳು. ಗೋಣಿ, ಗೋಣಿ.

ಮೊದಲಿನ ಎರಡು ಬಾಟಲಿಗಳನ್ನು ಅವಳು ಮುಟ್ಟಿಯೇ ಇರಲಿಲ್ಲ; ಅವುಗಳ ಬೂಚು ತಿರುಪಿನ ತುದಿಯಲ್ಲೇ ಮೂಗಿಗೆ ಬಂದಿದ್ದವು. ಬೆಳಗಿನಿಂದ ಮೂಗು ತೊಳೆದಿದ್ದಳು; ಕೈ ತೊಳೆಯುವುದು ನೆನಪಾಗಿರಲಿಲ್ಲ. ಗೋಣಿ ಬಿಚ್ಚಿದ ಮೇಲೆ ಕಡಲೆ ಹಿಟ್ಟಿನಿಂದ ಕೈ ತಿಕ್ಕಿಕೊಂಡೇ ಬೂಚಿಗೆ ಕೈಹಾಕುವುದು ಮೊದಲು ಫಕ್ರುಸಾಬನ ವಾಡಿಕೆಯಾಗಿತ್ತು. ಈಗ ಮೂಸುವವನು ತಾನಲ್ಲವಲ್ಲ, ಆ ವಾಡಿಕೆ ಕೈಬಿಟ್ಟಿತ್ತು. ಅದು ಹೇಳಿಕೊಡಬೇಕಾದ ಸಂಗತಿ ಎಂದು ಅವನಿಗೂ ಹೊಳೆದಿರಲಿಲ್ಲ.

ಡಬ್ಬಿಯಲ್ಲಿ ಕೈಹಾಕಿ ಹಿಟ್ಟು ತೆಗೆದು ತಿಕ್ಕಿದಳು, ಬೂದಿಯಿಂದ ತಿಕ್ಕಿದಳು, ನೀರು ಸುರಿದುಕೊಂಡಳು. ಕೈ ಬೆನ್ನಿಗೆ ಕಟ್ಟಿಕೊಂಡು ಬಗ್ಗಿ ಬಾಟಲಿಯ ಬಾಯಿಗೆ ಮೂಗು ತಂದಳು.

ಗೋಣಿ ಇರಲಿಲ್ಲ. ಎಲ್ಲಿಯೂ ಇರಲಿಲ್ಲ.

ಫಕ್ರುಸಾಬ ಪರದೆ ಸರಿಸಿ ಬಂದ. ಬಾಟಲಿಗೆ ಕೈ ಚಾಚಿದ. ಅವಳು ಅದನ್ನು ಎದೆಗೆ ಹಿಡಿದುಕೊಂಡಳು.

"ಕೆಟ್ಟಿಲ್ರಿ ಇದು. ನನ್ನ ಕೈ ವಾಸನಿ ಬಂದಿತ್ತು. ಗೋಣಿ ಬಿಚ್ಚಿ ಕೈ ತೊಳಿಲಿಲ್ಲ ನಾ."

ಅವನಿಗೆ ಒಮ್ಮೆಲೆ ಅರ್ಥವಾಯಿತು. ಕಣ್ಣು ಮುಚ್ಚಿ ತೆರೆದ. "ಕೊಡ ಇಲ್ಲೆ," ಎಂದ ಸಣ್ಣ ದನಿಯಲ್ಲಿ. "ಮಾತಾಡಬ್ಯಾಡ. ಗಿಡಕ್ಕ ಹಾಕಿ ಬರ್ತೇನಿ."

"ಹೊರಗ ಹೋಗಿ ಹೇಳ್ರಿ. ತಪ್ಪಾತು, ಚಲೋ ಐತಿ ಅಂತ ಹೇಳ್ರಿ."

"ಹೇಳಿದ್ರ ಏನಂತಾರ? ಮತ್ತೊಮ್ಮಿ ಮೂಸಿ ನೋಡು ಅಂತಾರ. ಅಲ್ಲೆ, ಅವರ ಮುಂದ. ಡಾಕ್ಟರ್ ಕುಂತಾನ. ಪರೀಕ್ಷಾ ಮಾಡಾಕ ಮೂಗಿಗೆ ಉಳ್ಳಾಗಡ್ಡಿ ಹಿಡದಾ ಅಂದ್ರ? ನಶ್ಯ ಹಿಡದಾ ಅಂದ್ರ? ಒಂದ ಬಾಟ್ಲಿ ಹೋದ್ರ ಹೋಗ್ಲಿ ಬಿಡ. ಮನಿ ಉಳೀತೈತಿ."

"ನನಗ ಕೊಟ್ಟದ್ರಿ ಅದು. ಅಮಾನತ."

"ಮುಟ್ಟಸೀದಿ. ತಂದ ಇಟ್ಟೀ. ಇನ್ನೇನು?"

ಅವಳಿಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಮುಟ್ಟಿಸಿದ್ದಾಗಿದೆ. ಅವರೇ ಬೇಡ ಅಂದಿದ್ದಾರೆ. ಇಳಕಲ್ಲಿನ ಆ ಮೂಲೆ, ಶಮಶಾದಬಿಯ ತಾಟಿನ ಸಪ್ಪಳ, ಬಗಲಲ್ಲಿ ರುಮಾಲು ಇಟ್ಟುಕೊಂಡು ಕೆಲಸ ಕೇಳುತ್ತ ಮನೆ ಮನೆ ಅಲೆಯುವ ಇವನು. ಆದರೆ ಬೇಡ ಅಂದವರು ಬ್ರೂಕ್ ಸಾಹೇಬನ ಬಾಟಲಿಯನ್ನು ಬೇಡ ಅಂದಿರಲಿಲ್ಲ. ತನ್ನ ಕೈಯ ಕೊಳೆಯನ್ನು ಬೇಡ ಅಂದಿದ್ದರು. ಅದನ್ನು ತಿಳಿದೂ ಸುಮ್ಮನಿದ್ದರೆ ಮುಟ್ಟಿಸಿದ ಹಾಗಾಯಿತೇ?

"ಫಕ್ರು!" ಹೊರಗಿನಿಂದ ಸಾಹೇಬನ ದನಿ. "ಎಷ್ಟೊತ್ತೋ?"

ಫಕ್ರುಸಾಬ ಬಾಟಲಿಯ ಕತ್ತು ಹಿಡಿದು ಎಳೆದ. ಎಳೆದದ್ದು ಮೆಲ್ಲಗೇ, ಚೆಲ್ಲೀತೆಂಬ ಹೆದರಿಕೆ ಅವನ ಬೆರಳಿಗೆ ಇನ್ನೂ ಇತ್ತು. ಅವಳು ಬಿಡಿಸಿಕೊಂಡಳು. ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಹನ್ನೆರಡು ವರ್ಷದಲ್ಲಿ ಊಟದ ಹೊತ್ತಿನಲ್ಲಿ ಒಮ್ಮೆಯೂ ದಾಟದ ಪರದೆಯನ್ನು ದಾಟಿದಳು.

ಮೂವರೂ ತಲೆ ಎತ್ತಿದರು. ದೀಪದ ಬೆಳಕು ಕಣ್ಣಿಗೆ ಹೊಡೆಯಿತು. ಯಾರ ಮುಖ ನೋಡುವುದೋ ತಿಳಿಯದೆ ಅವಳು ಮೇಜಿನ ಅಂಚು ನೋಡಿದಳು.

"ಸಾಹೇಬ್ರ, ಇದು ಕೆಟ್ಟಿಲ್ರಿ. ಕೆಟ್ಟೈತಿ ಅಂದಾಕಿ ನಾನು. ಗೋಣಿ ಮುಟ್ಟಿದ ಕೈಲೆ ಬೂಚ ಹಿಡದಿದ್ದೆ. ವಾಸನಿ ನನ್ನ ಕೈದು."

"ನೀ ಅಂದಾಕಿ?" ದಸ್ತೂರ ಸಾಹೇಬನಿಗೆ ಅರ್ಥವಾಗಲಿಲ್ಲ. "ಅಂದಾವ ಫಕ್ರು."

"ಅವರ ಮೂಗ ಹೋಗೇತ್ರಿ. ಜ್ವರಾ ಬಂದಾಗ ಹೋತು. ಇವತ್ತ ಮೂರೂ ಬೂಚ ನಾನ ಮೂಸಿ ಹೇಳೇನಿ."

ಪರದೆಯ ಬಳಿ ಫಕ್ರುಸಾಬ ಕಂಬದ ಹಾಗೆ ನಿಂತಿದ್ದ. ಡಾಕ್ಟರ್ ಎದ್ದು ಹೋಗಿ ಅವನ ಗದ್ದ ಹಿಡಿದು ದೀಪಕ್ಕೆ ತಿರುಗಿಸಿ ನೋಡಿದ.

"ಒಟ್ಟ ಗೊತ್ತಾಗೂದಿಲ್ಲೇನು?"

"ಇಲ್ರಿ."

"ಭಾಳ ಮಂದೀಗೆ ಹಿಂಗಾಗೇತಿ," ಎಂದ ಡಾಕ್ಟರ್ ಗೆಳೆಯರ ಕಡೆ ತಿರುಗಿ. "ಕೆಲವರಿಗೆ ತಿರುಗಿ ಬರ್ತೈತಿ. ಕೆಲವರಿಗೆ ಇಲ್ಲ."

ದಸ್ತೂರ ಸಾಹೇಬನ ಮುಖ ಬಿಗಿದಿತ್ತು. "ಹನ್ನೆರಡ ವರ್ಷ ಫಕ್ರು. ನನಗ ಒಂದ ಕಾಗದ ಬರಸಾಕ ಆಗಲಿಲ್ಲ? ನಾಳೆ ನನ್ನ ಕೈಲೆ ಸುಳ್ಳ ಚೀಟಿ ಬರಸಾವ ಇದ್ದೀ."

ಫಕ್ರುಸಾಬ ಬಗಲಿನ ರುಮಾಲನ್ನು ಬಿಚ್ಚಿ ಮತ್ತೆ ಮಡಚಿದ.

"ಕಾಗದ ಬರಸಿದ್ರ ಏನ್ ಮಾಡ್ತಿದ್ದೆಪಾ ದಸ್ತೂರ, ನೀ?" ಎಂದ ಶಂಕ್ರಪ್ಪ, ರೊಟ್ಟಿ ಮುರಿಯುತ್ತಲೇ. "ಅಯ್ಯೋ ಪಾಪ ಅಂತ ಹತ್ತ ರೂಪಾಯಿ ಕೊಟ್ಟ ಮನೀಗೆ ಕಳಸ್ತಿದ್ದಿ. ಪರದೆ ಬುಡದಾಗ ಎರಡ ಪಾದ ನಾ ಮೊದಲನೇ ಬಾಟ್ಲಿಗೇ ನೋಡೇನಿ. ಆಮ್ಯಾಲೆ ಕೇಳಿದ್ರಾತು ಅಂತ ಸುಮ್ನಿದ್ದೆ. ಕೂಡ್ರ ತಂಗಿ, ಬಾಟ್ಲಿ ಇಡ ಮೊದಲ."

ಅವಳು ಬಾಟಲಿ ಇಟ್ಟಳು, ಕೂಡಲಿಲ್ಲ.

ದಸ್ತೂರ ಸಾಹೇಬ ಅದನ್ನು ತಾನೇ ಎತ್ತಿಕೊಂಡ. ಹಿಂದೆ ಮೇಣಬತ್ತಿ ಹಿಡಿದು, ಗಸಿ ಏಳದ ಹಾಗೆ ನಿಧಾನವಾಗಿ ಎರಡು ಗ್ಲಾಸಿಗೆ ಬಗ್ಗಿಸಿದ. ಡಾಕ್ಟರ್ ಬೋರಲು ಹಾಕಿದ್ದ ಗ್ಲಾಸನ್ನು ಒರೆಸಿಯೇ ತುಂಬಿದ. ಇಬ್ಬರೂ ಕುಡಿದರು. ಶಂಕ್ರಪ್ಪ ಮಜ್ಜಿಗೆ ಎತ್ತಿ, ಕುಡಿಯದೆ, ಹಾಗೇ ಹಿಡಿದುಕೊಂಡ. ಬಿಬಿಜಾನ ಅವರ ಗಂಟಲನ್ನೇ ನೋಡುತ್ತಿದ್ದಳು. ತನ್ನ ಮೂಗು ಎರಡನೆಯ ಸಲವೂ ತಪ್ಪಿದ್ದರೆ?

ಡಾಕ್ಟರ್ ಗ್ಲಾಸು ಇಳಿಸಲಿಲ್ಲ. ಮುಖದ ಮುಂದೆಯೇ ಹಿಡಿದು ಬಹಳ ಹೊತ್ತು ಕೂತ. ದಸ್ತೂರ ಸಾಹೇಬ ಇನ್ನೊಂದು ಗುಟುಕು ತೆಗೆದುಕೊಂಡು, "ಇಂಥಾದ್ದ ಇಟ್ಕೊಂಡ ಕುಂತಿದ್ದನಲ್ಲೋ ಕಳ್ಳ," ಎಂದ.

ಆಮೇಲೆ ಅವನು ಬಿಬಿಜಾನಳ ಕಡೆ ತಿರುಗಿದ. "ನೋಡವಾ, ಖರೆ ಹೇಳ್ತೇನಿ. ಚೀಟಿ ಬರೀತೇನಿ. ಮೂಗ ಹೋಗೇತಿ ಅಂತನೂ ಬರೀತೇನಿ. ಮುಚ್ಚಿ ಬರೆದ್ರ ನಾಳೆ ಓವರ್‌ಸಿಯರಗ ಅದ ಬೇಕು. ಅಡಿಗಿ ಇಬ್ಬರೂ ಕೂಡಿ ನಡಸ್ತಾರ, ಇಬ್ಬರೂ ಇರಬೇಕು ಅಂತ ಬರೀತೇನಿ. ಮ್ಯಾಲಿನವರು ಕೇಳ್ತಾರೋ ಇಲ್ಲೋ, ಅದು ನನ್ನ ಕೈಯಾಗಿಲ್ಲ."

"ಕೇಳದಿದ್ರ ಅರ್ಜಿ ನಾ ಬರೀತೇನಿ. ಬಾಗಲಕೋಟಿಗೆ ಬರ್ರಿ," ಎಂದ ಶಂಕ್ರಪ್ಪ.

ಅವಳು ತಲೆಯಾಡಿಸಿದಳು. ಚಾಕರಿ ಉಳಿದ ಹಾಗೋ, ಹೋದ ಹಾಗೋ? ನಾಳೆ ಓವರ್‌ಸಿಯರ್ ಆ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಓದುವುದು ಕಣ್ಣಿಗೆ ಕಟ್ಟಿತು. ಸೆರಗು ಸರಿಮಾಡಿಕೊಂಡು ಒಳಗೆ ಬಂದಳು.

ಫಕ್ರುಸಾಬ ಖೋಲಿಯ ನೆಲದ ಮೇಲೆ ಗೋಡೆಗೆ ಒರಗಿ ಕೂತಿದ್ದ. ಕೆಲಸದ ಹೊತ್ತಿನಲ್ಲಿ ಅವನು ಕೂತದ್ದನ್ನು ಅವಳು ನೋಡಿರಲಿಲ್ಲ. ಬೈಯುತ್ತಾನೆಂದು ಕಾದು ನಿಂತಳು. ಅವನು ಬೈಯಲಿಲ್ಲ. ಅವಳ ಕಡೆ ನೋಡಲೂ ಇಲ್ಲ. ಹೊರಗೆ ದಸ್ತೂರ ಸಾಹೇಬ ಬ್ರೂಕ್ ಒಮ್ಮೆ ಗುಡಿಯ ಕಟ್ಟೆಯಿಂದ ಬಿದ್ದ ಕತೆ ಹೇಳತೊಡಗಿದ್ದ. ಡಾಕ್ಟರ್ ನಡುನಡುವೆ ಅದು ಹಾಗಲ್ಲ ಹೀಗೆ ಎಂದು ತಿದ್ದುತ್ತಿದ್ದ.

ಕತೆ ಅರ್ಧಕ್ಕೆ ಬಂದಾಗ ಫಕ್ರುಸಾಬ ಕೇಳಿದ: "ಹೆಂಗೈತಿ ಅದು?"

"ಏನ್ರಿ?"

"ಬ್ರೂಕ್ ಸಾಹೇಬ್ರದು. ವಾಸನಿ."

ಅವಳು ಅವನ ಪಕ್ಕದಲ್ಲಿ ಕೂತಳು. ಇದನ್ನು ಹೊರಗೆ ಹೋಗಿ ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ. ಆದರೂ ತಪ್ಪು ಹೇಳಬಾರದೆಂದು ಅವಳು ನೆನಪನ್ನು ಎರಡು ಸಲ ಮೂಸಿ ನೋಡಿದಳು.

"ಮೊದಲ ಒಣ ದ್ರಾಕ್ಷಿ," ಎಂದಳು. "ಆಮ್ಯಾಲೆ ಚರ್ಮದ್ದು. ಹೊಸಾದಲ್ಲ, ಕೈ ಆಡಿ ಆಡಿ ಮೆತ್ತಗ ಆದದ್ದು. ಅದರ ಹಿಂದ..." ತಡೆದಳು. "ಅದರ ಹಿಂದ ಮಣ್ಣ ಅಂತ ಅನಸ್ತು. ಖರೆ ಹೇಳಬೇಕಂದ್ರ ಅದು ನನಗ ಪೂರಾ ಸಿಗಲಿಲ್ಲ."

"ದೇವದಾರ ಕಟ್ಟಿಗಿ," ಎಂದ ಫಕ್ರುಸಾಬ, ಕಣ್ಣು ಮುಚ್ಚಿಕೊಂಡೇ. "ಹಳೇದಾದ್ರ ಹಂಗ ಬರ್ತಿತ್ತು. ದೇವದಾರ ಇತ್ತೇನ ನೋಡಬೇಕಾಗಿತ್ತು."

ಹೊರಗಿನಿಂದ ಶಂಕ್ರಪ್ಪ ಕುಡಿಯುವ ನೀರು ಕೇಳಿದ. ಇಬ್ಬರೂ ಒಟ್ಟಿಗೇ ಏಳಲು ಹೋದರು. ಫಕ್ರುಸಾಬ ಅವಳ ತೋಳು ಹಿಡಿದು ಕೂರಿಸಿ, ತಾನೇ ಎದ್ದು ಹೋದ.